ಆಚೆ ದಡದ ಹಾಜರಿ

"ಒಳ್ಳೆಯ ಮನಸ್ಸಿನಿಂದ ಮಾಡಿದ ಕಾನೂನು ಯಾರಿಗಾದರೂ ಕೇಡು ಮಾಡೀತೇ, ಅಮ್ಮ?" ಎಂದು ಶಿಷ್ಯೆ ಕೇಳಿದಳು. ಮಸೂದೆಗಳ ಕರಡು ಬರೆಯುವ ಕಚೇರಿಯಲ್ಲಿ ಅವಳಿಗೆ ಕೆಲಸವಾಗಿತ್ತು. ಮರುವಾರ ಹೊರಡುವವಳಿದ್ದಳು.

ಅಮ್ಮ ಹೇಳತೊಡಗಿದರು.

ನನ್ನ ಹುಟ್ಟೂರಿನ ಕಡೆ ಹಳ್ಳ ದಾಟಲು ಎರಡು ಮರದ ದಿಮ್ಮಿ ಹಾಸುತ್ತಾರೆ. ಅದಕ್ಕೆ ಸಾರ... ಅಲ್ಲ, ಇರು. ಸಂಕ. ಸಂಕ ಅನ್ನುತ್ತಾರೆ. ಆ ಊರು ಬಿಟ್ಟು ಐವತ್ತು ವರ್ಷವಾಯಿತು, ಮಾತು ತಡವಾಗಿ ಬರುತ್ತದೆ.

ಅಂಥ ಒಂದು ಸಂಕದ ಈಚೆ ಶಾಲೆಯಿತ್ತು, ಆಚೆ ಹತ್ತೊಂಬತ್ತು ಮನೆಗಳಿದ್ದವು. ಶಾಲೆ ತೆರೆದ ವಾರಕ್ಕೇ ಮಳೆ ಹಿಡಿಯುವುದು. ಹಳ್ಳ ಸಂಕವನ್ನು ಕೊಚ್ಚಿಕೊಂಡು ಹೋಗುವುದು. ನೀರು ಇಳಿದ ಮೇಲೆ ಊರವರು ಹೊಸದು ಹಾಸುವರು. ನಡುವಿನ ಮೂರು ತಿಂಗಳು ಆಚೆಯ ಮಕ್ಕಳು ಆಚೆಯೇ.

ಶಾಲೆಯ ಮೇಷ್ಟ್ರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ದಿನಾ ಬೆಳಿಗ್ಗೆ ದಡಕ್ಕೆ ಬಂದು ಹೆಸರು ಕೂಗುವರು. ಆಚೆಯ ಮಕ್ಕಳು ಕೊಡೆಯಡಿಯಿಂದ "ಹಾಜರ್" ಎನ್ನುವರು. ಹಳ್ಳದ ಸದ್ದು ಹೆಚ್ಚಾದ ದಿನ ಕೈ ಎತ್ತುವರು. ಮೇಷ್ಟ್ರು ಹಲಗೆಯ ಮೇಲೆ ದೊಡ್ಡದಾಗಿ ಲೆಕ್ಕ ಬರೆದು ಎತ್ತಿ ಹಿಡಿದರೆ, ಅವರು ಸ್ಲೇಟಿನಲ್ಲಿ ಉತ್ತರ ಬರೆದು ಎತ್ತಿ ಹಿಡಿಯುವರು. ಎಲ್ಲರಿಗಿಂತ ಮೊದಲು ಮಾದೇವಿಯ ಸ್ಲೇಟು ಮೇಲೇಳುತ್ತಿತ್ತು. ಖೋ ಖೋ ಆಟದಲ್ಲೂ ಅವಳೇ ಮುಂದು. ಮಳೆ ಇಳಿದ ಕೂಡಲೇ ನಡೆಯುವ ತಾಲೂಕಿನ ಆಟದಲ್ಲಿ ಚೆನ್ನಾಗಿ ಆಡಿದ ಮಕ್ಕಳಿಗೆ ಪೇಟೆಯ ಹಾಸ್ಟೆಲಿನಲ್ಲಿ ಜಾಗ ಸಿಗುತ್ತಿತ್ತು. ಅವಳಿಗೆ ಅದು ಏಳನೆಯ ತರಗತಿ. ಊರ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಹಾಸ್ಟೆಲು ಸಿಗದಿದ್ದರೆ ಓದೂ ಮುಗಿದಂತೆ.

ಆ ಸೀಮೆಯ ಶಾಸಕ ನ್ಯಾಯವಂತ. ಶಾಲೆಗಳ ನಡುವಿನ ಆಟದಲ್ಲಿ ಕೆಲವರು ಮೀಸೆ ಬಂದ ಹೊರಗಿನವರನ್ನು ಆರನೆಯ ತರಗತಿಯವರೆಂದು ತಂದು ಗೆಲ್ಲುತ್ತಿದ್ದರು. ಅದನ್ನು ತಡೆಯಲು ಆತ ಒಂದು ಕಾನೂನು ತಂದ: ಶಾಲೆ ತೆರೆದಂದಿನಿಂದ ನಾಲ್ಕರಲ್ಲಿ ಮೂರು ದಿನ ತರಗತಿಯಲ್ಲಿ ಕುಳಿತವರೇ ಆಡಬೇಕು. ಸೇತುವೆಯ ಹಣವೆಲ್ಲ ಬಲವಿದ್ದವರ ಊರಿಗೆ ಹೋಗುತ್ತಿತ್ತು. ಅದನ್ನು ತಡೆಯಲು ಇನ್ನೊಂದು ತಂದ: ಶಾಲೆ ಜೀವಂತವಾಗಿರುವ ಊರಿಗೇ ಮೊದಲು ಸೇತುವೆ. ಶಾಲೆ ಜೀವಂತವೆನ್ನಲು ಗುರುತೇನು? ಅದರ ತಂಡ ತಾಲೂಕಿನ ಆಟಕ್ಕೆ ಬಂದಿರಬೇಕು. ಎರಡಕ್ಕೂ ಸದನ ಮೇಜು ಕುಟ್ಟಿ ಒಪ್ಪಿಗೆ ಕೊಟ್ಟಿತು.

ಖೋ ಖೋ ತಂಡಕ್ಕೆ ಒಂಬತ್ತು ಮಂದಿ ಬೇಕು. ಈ ದಡದಲ್ಲಿ ಇದ್ದವರು ಐವರು. ಆಚೆಯವರು ತರಗತಿಯಲ್ಲಿ ಕುಳಿತಿಲ್ಲವೆಂದು ಅಧಿಕಾರಿಗಳು ತಂಡವನ್ನು ತಳ್ಳಿಹಾಕಿದರು. ತಂಡವಿಲ್ಲವೆಂದು ಸೇತುವೆಯನ್ನೂ ತಳ್ಳಿಹಾಕಿದರು. ಮೇಷ್ಟ್ರು ಅರ್ಜಿ ಬರೆದರು. ಶಾಸಕ ಕಂಡು ಹೋಗಲು ತಾನೇ ಬಂದ.

ಆತ ಹಳ್ಳದ ಬದಿಯಲ್ಲಿ ನಿಂತು ಹಾಜರಿ ಕೂಗುವುದನ್ನು ಕೇಳಿದ. ಎತ್ತಿದ ಸ್ಲೇಟುಗಳನ್ನು ನೋಡಿದ. ಅವನ ಮುಖ ಸಣ್ಣದಾಯಿತು.

"ಮೇಷ್ಟ್ರೇ, ಇವರನ್ನು ತರಗತಿಯಲ್ಲಿ ಇದ್ದವರೆಂದು ನಾನು ಒಪ್ಪಬಹುದು. ನಾಳೆ ಪೇಟೆಯವರು ಮೀಸೆಯವರನ್ನು ತಂದು, 'ಇವರ ಮನೆಯೂ ಹಳ್ಳದಾಚೆ' ಅಂದರೆ ಏನು ಮಾಡಲಿ? ಕಾನೂನು ತಿದ್ದಿಸುತ್ತೇನೆ. ಅಲ್ಲಿಯವರೆಗೆ ತಾಳಿ."

"ತಾಳಬಹುದು ಸ್ವಾಮಿ. ಆದರೆ ಮಕ್ಕಳು ಏಳನೇ ಕ್ಲಾಸಿನಲ್ಲೇ ಕೂತು ತಾಳುತ್ತಾರೆಯೇ?"

ಈಚೆಯವರ ಮಾತು ಆಚೆಗೆ ಪೂರ್ತಿ ಕೇಳಿಸಲಿಲ್ಲ. ಮೇಷ್ಟ್ರು ತಲೆ ಅಲ್ಲಾಡಿಸಿದ್ದು ಮಾತ್ರ ಕಂಡಿತು. ಮಾದೇವಿ ನೀರಿನ ಅಂಚಿಗೆ ಬಂದು ಬಾಯಿಗೆ ಕೈಯೊಡ್ಡಿ ಕೂಗಿದಳು.

"ಶಾಸಕರೂ!"

ಆತ ಅರಿಯದೆಯೇ ಕೈ ಎತ್ತಿದ. "ಇದ್ದೇನಮ್ಮಾ!"

"ಎಲ್ಲಿದ್ದೀರಿ? ನಮ್ಮ ದಡದಲ್ಲಿ ಕಾಣೆ! ಗೈರುಹಾಜರಿ ಬರೆದುಕೊಂಡೆ!"

ಎರಡೂ ದಡದ ಮಕ್ಕಳು ನಕ್ಕರು. "ಏ ಹುಡುಗಿ, ಬಾಯಿ ಮುಚ್ಚು!" ಎಂದು ಮೇಷ್ಟ್ರು ಗದರಿದರು. ಶಾಸಕ ನಗಲಿಲ್ಲ, ಗದರಲೂ ಇಲ್ಲ. ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿದ.

ಆತ ಮಾತಿಗೆ ತಪ್ಪಲಿಲ್ಲ. ಮುಂದಿನ ಅಧಿವೇಶನದಲ್ಲೇ ತಿದ್ದುಪಡಿ ಮಂಡಿಸಿದ. ಅದು ಸಮಿತಿಗೆ ಹೋಯಿತು. ಸಮಿತಿ ಎರಡು ಸಲ ಸೇರಿತು, ಒಂದು ಸಲ ಮುಂದಕ್ಕೆ ಹಾಕಿತು. ಮೂರನೆಯ ವರ್ಷ ಅಂಗೀಕಾರವಾಯಿತು: ದಾರಿಯಿಲ್ಲದೆ ಬರಲಾಗದ ಮಗುವನ್ನು ಬಾರದ ಮಗುವೆಂದು ಎಣಿಸತಕ್ಕದ್ದಲ್ಲ. ಆ ವರ್ಷ ಆ ಶಾಲೆಯ ತಂಡ ತಾಲೂಕಿಗೆ ಹೋಯಿತು. ಮರುವರ್ಷ ಸೇತುವೆಯ ಕೆಲಸ ಶುರುವಾಯಿತು. ಈಗ ಆ ಹಳ್ಳದ ಮೇಲೆ ಲಾರಿ ಓಡಾಡುತ್ತದೆ.

ಅಮ್ಮ ನಿಲ್ಲಿಸಿದರು. ಶಿಷ್ಯೆ ತಾನು ಬರೆದುಕೊಳ್ಳುತ್ತಿದ್ದ ಪುಸ್ತಕದಿಂದ ತಲೆಯೆತ್ತಿದಳು. ಅವಳ ಮುಖ ಹಗುರವಾಗಿತ್ತು.

"ಹಾಗಾದರೆ ಕೊನೆಗೆ ಒಳ್ಳೆಯದೇ ಆಯಿತಲ್ಲ, ಅಮ್ಮ. ಕಾನೂನು ತಪ್ಪಿತು, ಕಾನೂನೇ ತಿದ್ದಿಕೊಂಡಿತು."

"ಆ ಸೇತುವೆಗೆ ಜಲ್ಲಿ ಹೊತ್ತವಳು ಮಾದೇವಿ; ಅದನ್ನೂ ಬರೆದುಕೋ, ಮಗಳೇ."