ಹೊಳೆಯ ಹಣೆಯ ಕುಂಕುಮ

ಲೋಕವಿನ್ನೂ ಹಸಿ ಗಡಿಗೆಯಂತೆ ಮೆತ್ತಗಿದ್ದ ಕಾಲ. ಆಗ ಹೊಳೆಗೆ ಮಾತು ಬರುತ್ತಿತ್ತು, ಗಾಳಿಗೂ ಬರುತ್ತಿತ್ತು. ಹೊಳೆಯ ನೀರು ವರ್ಷವಿಡೀ ತಿಳಿಯಾಗಿ ಹರಿಯುತ್ತಿತ್ತು.

ದಂಡೆಯ ಮೇಲೆ ಹೊಳೆಪೇಟೆ ಎಂಬ ಸಣ್ಣ ಊರು. ಅದರ ಕೆಳಗೇರಿಯಲ್ಲಿ ಕುಂಬಾರರ ಹುಲಿಗೆವ್ವ ಇದ್ದಳು. ಮನೆಗೆ ಬಂದ ಹೆಣ್ಣುಮಕ್ಕಳ ಹಣೆಗೆ ಕುಂಕುಮವಿಟ್ಟು, "ಹೋಗಿ ಬಾ" ಎಂದೇ ಕಳುಹಿಸುವವಳು. "ಹೋಗು" ಎಂಬ ಬರಿ ಮಾತು ಅವಳ ಬಾಯಲ್ಲಿ ಎಂದೂ ಬಂದಿರಲಿಲ್ಲ.

ಒಂದು ಶ್ರಾವಣದಲ್ಲಿ ಮೋಡಗಳು ಮೂರು ದಿನ ಬಿಡದೆ ಸುರಿದವು. ಹೊಳೆ ದಾರಿ ತಪ್ಪಿ ಕೆಳಗೇರಿಯೊಳಗೆ ಬಂದಳು. ಜನ ಓಡಿ ಗುಡ್ಡ ಹತ್ತಿದರು. ಹುಲಿಗೆವ್ವ ಒಣಗಲು ಇಟ್ಟಿದ್ದ ಹಸಿ ಗಡಿಗೆಗಳು ಒಂದೊಂದಾಗಿ ಕರಗಿ ಮತ್ತೆ ಮಣ್ಣಾದವು.

ಮಳೆ ನಿಂತಾಗ ಎಲ್ಲರಿಗಿಂತ ಮೊದಲು ಅವಳೇ ಇಳಿದು ಬಂದಳು. ಹೊಳೆ ಅವಳ ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು.

"ತಪ್ಪಾತ್ರಿ ಯವ್ವಾ. ದಾರಿ ತಿಳೀಲಿಲ್ಲ. 'ಹೋಗು' ಅಂತ ಒಂದು ಮಾತು ಅನ್ರಿ, ಮತ್ತೆಂದೂ ಈ ಓಣಿ ತುಳಿಯೋದಿಲ್ಲ. ಮನಿಯವರು ಹೇಳಿದ ಮಾತು ನಾ ಮೀರೋದಿಲ್ಲ."

ಗುಡ್ಡದ ಮೇಲಿಂದ ನೆರೆಮನೆಯ ಮುದುಕ ಯಂಕಪ್ಪ ಕೂಗಿದ: "ಹುಲಿಗೆವ್ವಾ, 'ಹೋಗು' ಅನ್ನು! ಅಷ್ಟ ಅನ್ನು, ಮುಂದೇನೂ ಅನಬ್ಯಾಡ!"

"ಗೊತ್ತೈತಿ ತಗೋ ಮಾವಾ, ನಾನೇನು ಸಣ್ಣ ಕೂಸೇನು?"

ಹುಲಿಗೆವ್ವ ಆ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡಳು. ಆದರೆ ಬಾಗಿಲಲ್ಲಿ ಒದ್ದೆ ಸೆರಗಿನ ಹೆಣ್ಣುಮಗಳೊಬ್ಬಳು ನಿಂತಿರುವಂತೆ ಅವಳಿಗೆ ಕಂಡಿತು. ಕೈ ತಾನಾಗಿಯೇ ಸೊಂಟದ ಸಂಚಿಗೆ ಹೋಯಿತು. ಹೊಳೆಯ ಹಣೆಗೆ ಕುಂಕುಮವಿಟ್ಟಳು. ಕೈಯ ಹಿಂದೆಯೇ ನಾಲಿಗೆಯೂ ತನ್ನ ಹಳೆಯ ದಾರಿ ಹಿಡಿಯಿತು.

"ಹೋಗಿ ಬಾರವ್ವಾ."

ಹೊಳೆಯ ಮುಖ ಅರಳಿತು. "ಬರತೇನ್ರಿ ಯವ್ವಾ" ಎಂದು ಹೊರಟೇಬಿಟ್ಟಳು.

ಯಂಕಪ್ಪ ಹಣೆ ಚಚ್ಚಿಕೊಂಡ. "ಊರ ಮಣ್ಣೆಲ್ಲಾ ಕಲಸ್ತಿ, ನಿನ್ನ ಬಾಯಿಗೆ ಒಂದು ಮುದ್ದಿ ಮೆತ್ಕೋಬಾರದಿತ್ತೇನು!"

ಹುಲಿಗೆವ್ವ ದಂಡೆಗುಂಟ ಓಡಿದಳು. "ಬಾಯಿ ತಪ್ಪಿ ಅಂದೆ! ಬರಬ್ಯಾಡವ್ವಾ, ಬರಬ್ಯಾಡ!" ಆದರೆ ಹರಿಯುವ ನೀರು ತಿರುಗಿ ನೋಡುವುದಿಲ್ಲ. ಗಾಳಿಯೊಂದೇ ಕೇಳಿಸಿಕೊಂಡು ಹೇಳಿತು: "ಅಕಿ ಮುಂದಿನ ಊರು ದಾಟಿದಳು, ಹುಲಿಗೆವ್ವಾ. ಕರದಾರಂತ ಭಾಳ ಖುಷೀಲೆ ಹೊಂಟಾಳ."

ಖುಷಿಯ ಆ ಮಾತೇ ಅವಳನ್ನು ಕೊನೆಯವರೆಗೂ ಸುಟ್ಟಿತು.

ಕೆಲವು ವರ್ಷ ಕಳೆದು, ಮತ್ತೊಂದು ಶ್ರಾವಣದಲ್ಲಿ ಹೊಳೆ ಬಂದಳು. ಹಣೆಯ ಕುಂಕುಮ ಮೈಯೆಲ್ಲ ಹರಡಿ ಕೆಂಪಾಗಿದ್ದಳು. "ಗುರುತು ಸಿಕ್ತೇನ್ರಿ ಯವ್ವಾ? ನೀವ ಕರದಿದ್ರಿ." ಆ ಸಲ ಹುಲಿಗೆವ್ವನ ಮನೆಯ ಗೋಡೆಯೂ ಉಳಿಯಲಿಲ್ಲ. ಹೊಳೆ ಇಳಿದು ಹೊರಟಾಗ, ನಾಲಿಗೆ ಮತ್ತೆ ಹಳೆಯ ದಾರಿ ಹಿಡಿದೀತೆಂದು ಅವಳು ತುಟಿ ಕಚ್ಚಿ ಕೈಮುಗಿದಳು.

ಅದಕ್ಕೇ ಇಂದಿಗೂ ಮಳೆಗಾಲದ ಹೊಸ ನೀರು ಕೆಂಪಗೆ ಬರುತ್ತದೆ, ಮತ್ತು ಅದು ಇಳಿದುಹೋಗುವ ದಿನ ಕೆಳಗೇರಿಯ ಹೆಂಗಸರು ಹೊಸ್ತಿಲಲ್ಲಿ ಕೈಮುಗಿದು ನಿಲ್ಲುತ್ತಾರೆ, ತುಟಿ ಮಾತ್ರ ಬಿಚ್ಚುವುದಿಲ್ಲ.