ಬಟ್ಟಲಲ್ಲಿ ಉಳಿದ ನಟ್ಟು

“ಮೇಷ್ಟ್ರೇ, ಎಲ್ಲ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದ ಮೇಲೆ ಬಟ್ಟಲಲ್ಲಿ ಒಂದು ನಟ್ಟು ಉಳಿದರೆ ಏನು ಮಾಡಬೇಕು?”

ಹಾಲೇಶ ಇದನ್ನು ಕೇಳಿದ್ದು ಶನಿವಾರ ಸಂಜೆ, ದಾವಣಗೆರೆಯ ಒಂದು ಟೀ ಅಂಗಡಿಯಲ್ಲಿ. ಕೇಳಿದ್ದು ಕರಿಬಸಪ್ಪ ಮೇಷ್ಟ್ರನ್ನು. ಮೇಷ್ಟ್ರು ಅಂದರೆ ಶಾಲೆಯವರಲ್ಲ, ಡ್ರೈವಿಂಗ್ ಸ್ಕೂಲಿನವರು. ಹಳೆಯ ಕಾರನ್ನು ಮನೆಯಲ್ಲಿಟ್ಟುಕೊಂಡು, ರಜೆ ಸಿಕ್ಕರೆ ಅದರಡಿಗೆ ತೂರಿ ಮಲಗುವ ಕೆಲವು ಮಂದಿ ಆ ಊರಿನಲ್ಲಿದ್ದರು. ಅಂಥವರಿಗೆಲ್ಲ ಅವರೇ ಗುರು. ಗುರುಗಳ ಸ್ವಂತ ವಾಹನ ಮಾತ್ರ ಒಂದು ಸ್ಕೂಟರು. ಅದು ಅಂಗಡಿಯ ಎದುರು ನಿಂತಿತ್ತು. ಅದರ ನಂಬರ್ ಪ್ಲೇಟನ್ನು ಒಂದು ಕಡೆ ಹೂವಿನ ದಾರದಿಂದ ಕಟ್ಟಿದ್ದರು. ಅದನ್ನು ಕಂಡು ಹಾಲೇಶ ಆಗಲೇ ಒಳಗೊಳಗೆ ನಕ್ಕಿದ್ದ.

“ನಟ್ಟು ಉಳಿಯುವುದೇ?” ಎಂದರು ಮೇಷ್ಟ್ರು. “ಈ ಕೈಯಲ್ಲಿ ಸಾವಿರ ಇಂಜಿನ್ ಬಿಚ್ಚಿ ಜೋಡಿಸಿದ್ದೇನೆ. ಒಂದು ವಾಷರ್ ಕೂಡ ಉಳಿದದ್ದಿಲ್ಲ. ಅರಮನೆಯ ಕಾರನ್ನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜೋಡಿಸಿಕೊಟ್ಟವನು ನಾನು.”

ಒಂದು ಗುಟುಕು ಟೀ ಕುಡಿದರು.

“ಇದು ಸುಳ್ಳು. ಅರಮನೆಯ ಕಾರನ್ನು ನಾನು ನೋಡಿದ್ದು ಕ್ಯಾಲೆಂಡರಿನಲ್ಲಿ. ನನ್ನ ಮೊದಲನೇ ಕಾರಿನಲ್ಲಿ ಉಳಿದ ನಟ್ಟುಗಳನ್ನೆಲ್ಲ ಕೂಡಿಸಿದ್ದರೆ ಇನ್ನೊಂದು ಕಾರೇ ಆಗುತ್ತಿತ್ತು. ಅದು ಮೊದಲನೆಯದಕ್ಕಿಂತ ಚೆನ್ನಾಗಿ ಓಡುತ್ತಿತ್ತು ಕೂಡ. ಈಗ ಹೇಳು, ನಿನಗೆಲ್ಲಿ ಉಳಿಯಿತು?”

ಹಾಲೇಶನದು ಔಷಧಿ ಅಂಗಡಿ. ಯಾರದೋ ಹಿತ್ತಿಲ ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ಹಳೆಯ ಹೆರಾಲ್ಡ್ ಕಾರನ್ನು ಅವನು ತನ್ನ ಮನೆಯ ಶೆಡ್ಡಿಗೆ ತಂದಿದ್ದ. ತುಕ್ಕು ಕೆರೆದ. ಸೀಟು ಹೊಲಿಸಿದ. ಬ್ರೇಕು ಮಾಡಿದ. ಕೊನೆಗೆ ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಿದ. ಇಂಜಿನ್ ಈಗ ಹೊಲಿಗೆ ಮಿಷಿನ್ನಿನ ಹಾಗೆ ಓಡುತ್ತಿತ್ತು.

ಆದರೆ ಅವನ ಹೆಂಡತಿ ವಿಶಾಲಾ ಆ ಕಾರಿನಲ್ಲಿ ಇನ್ನೂ ಕೂತಿರಲಿಲ್ಲ. ಅದಕ್ಕೆ ಕಾರಣ ಮಿಕ್ಸಿ. ಒಮ್ಮೆ ಹಾಲೇಶ ಮಿಕ್ಸಿ ರಿಪೇರಿ ಮಾಡಿದ್ದ, ಸ್ಕ್ರೂ ಉಳಿದಿತ್ತು, ‘ಅದು ಸುಮ್ಮನೆ ಹೆಚ್ಚಿಗೆ ಕೊಟ್ಟಿರುತ್ತಾರೆ’ ಎಂದಿದ್ದ. ಮರುದಿನ ಮಿಕ್ಸಿ ಚಟ್ನಿಯ ಸಮೇತ ಕಟ್ಟೆಯಿಂದ ಕೆಳಗೆ ಹಾರಿತ್ತು. ಅಂದಿನಿಂದ ವಿಶಾಲಾಳದು ಒಂದೇ ಮಾತು: “ಬಿಚ್ಚಿದ್ದೆಲ್ಲ ಒಳಗೆ ಹೋಗಿ ಬಟ್ಟಲು ಖಾಲಿಯಾದ ದಿನ ಹೇಳಿ, ಕೂರ್ತೀನಿ.”

ಬಟ್ಟಲು ಅಂದರೆ ಅವಳೇ ಕೊಟ್ಟ ಸ್ಟೀಲ್ ಬಟ್ಟಲು. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಹಾಲೇಶ ಅದರಲ್ಲಿ ಸೀಮೆಎಣ್ಣೆ ಹಾಕಿ ನೆನೆಸುತ್ತಿದ್ದ. ಗುರುವಾರ ಎಲ್ಲ ಮುಗಿಯಿತು. ಅವತ್ತು ಮೇಷ್ಟ್ರೂ ಬಂದಿದ್ದರು. ಹೆರಾಲ್ಡಿನ ಬಾನೆಟ್ ಮುಂಭಾಗವನ್ನೆಲ್ಲ ಎತ್ತಿಕೊಂಡು ಮುಂದಕ್ಕೆ ತೆರೆಯುತ್ತದೆ. ಹಾಗೆ ತೆರೆದಿದ್ದಾಗ ಅವರು ಮುಂದಿನ ಚಕ್ರದ ಮೇಲೆ ಕೂತು ಕಾಫಿ ಕುಡಿದು, ಒಳಗೆಲ್ಲ ಕಣ್ಣಾಡಿಸಿ, ಪಕ್ಕದಲ್ಲಿದ್ದ ಬಟ್ಟಲಿಗೂ ಬಗ್ಗಿ ನೋಡಿ, “ಭೇಷ್” ಎಂದು ಎದ್ದು ಹೋಗಿದ್ದರು. ಭಾನುವಾರ ಶಾಂತಿಸಾಗರದ ಕೆರೆ ಏರಿಯ ಮೇಲೆ ಕೂತು ಚಪಾತಿ ತಿನ್ನುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಆಮೇಲೆ ಹಾಲೇಶ ಬಟ್ಟಲು ತೊಳೆಯಲು ಹೋದ. ಸೀಮೆಎಣ್ಣೆಯ ತಳದಲ್ಲಿ ಒಂದು ನಟ್ಟು ಇತ್ತು.

“ಕಾರ್ಬುರೇಟರಿನ ಸುತ್ತ ಎಲ್ಲ ನೋಡಿದೆ ಮೇಷ್ಟ್ರೇ. ಎಲ್ಲದಕ್ಕೂ ಅದರದರ ನಟ್ಟು ಇದೆ. ಇದೊಂದು ಎಲ್ಲಿಯದು ಅಂತಲೇ ತಿಳಿಯುತ್ತಿಲ್ಲ.” ಹಾಲೇಶ ಔಷಧಿ ಚೀಟಿಯಲ್ಲಿ ಸುತ್ತಿದ್ದ ನಟ್ಟನ್ನು ತೆಗೆದು ಮೇಜಿನ ಮೇಲಿಟ್ಟ. “ವಿಶಾಲಾ ಇನ್ನೂ ನೋಡಿಲ್ಲ. ಜೇಬಲ್ಲೇ ಇಟ್ಟುಕೊಂಡುಬಿಟ್ಟರೆ ಬಟ್ಟಲಂತೂ ಖಾಲಿ.”

ಮೇಷ್ಟ್ರು ನಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. ಗಂಭೀರವಾಗಿ ವಾಪಸ್ ಕೊಟ್ಟರು. ಒಂದು ಪ್ಲೇಟು ಮಿರ್ಚಿ ಹೇಳಿದರು. ಆಮೇಲೆ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ಕಾರು ಇತ್ತು. ವಾರವೆಲ್ಲ ಬಟ್ಟೆ ಅಳೆಯುತ್ತಿದ್ದ, ರಜೆಯ ದಿನ ಕಾರಿನಡಿ ಮಲಗುತ್ತಿದ್ದ. ಬೇರೆಯವರ ಕೈ ಅದಕ್ಕೆ ತಾಗಲು ಬಿಡುತ್ತಿರಲಿಲ್ಲ. ಬೇರೆಯವರ ಮಾತು ತಾಗಲೂ ಬಿಡುತ್ತಿರಲಿಲ್ಲ. ಬಾಗಿಲು ಸ್ವಲ್ಪ ಅಲ್ಲಾಡುತ್ತದೆ ಎಂದ ಭಾವಮೈದುನನ ಮನೆಗೆ ಆ ವರ್ಷ ಅವನು ಹಬ್ಬಕ್ಕೂ ಹೋಗಲಿಲ್ಲ.

ಇಲ್ಲಿ ಹಾಲೇಶ ತಲೆ ತಗ್ಗಿಸಿದ. ಕಾರಿನ ಹಾರ್ನು ಮೇಕೆ ಕೂಗಿದ ಹಾಗಿದೆ ಎಂದ ಗೆಳೆಯನೊಬ್ಬನ ಜತೆ ಅವನೂ ಮಾತು ಬಿಟ್ಟು ಬಹಳ ದಿನವಾಗಿತ್ತು.

ವ್ಯಾಪಾರಿಯ ತಾಯಿಗೆ ಗುಡ್ಡದ ಮೇಲಿನ ದೇವರನ್ನು ನೋಡಬೇಕೆಂಬ ಆಸೆ. ಮಂಡಿ ನೋವು, ಮೆಟ್ಟಿಲು ಹತ್ತಲಾರಳು. ಮಗನ ಕಾರಿನಲ್ಲೇ ಹೋಗುತ್ತೇನೆ ಎಂದು ಕಾದಿದ್ದಳು. ಮಗ ಕಾರನ್ನು ಬಿಚ್ಚಿ, ತೊಳೆದು, ಜೋಡಿಸಿದ. ಕಾರು ಚೆನ್ನಾಗಿ ಓಡಿತು. ಬಟ್ಟಲಲ್ಲಿ ಒಂದು ನಟ್ಟು ಉಳಿಯಿತು.

ವ್ಯಾಪಾರಿ ನಟ್ಟನ್ನು ಜೇಬಿಗೆ ಹಾಕಿಕೊಂಡ. ಅಂಗಡಿಗೆ ಹೋದ. ಬಟ್ಟೆ ಅಳೆಯುತ್ತಿದ್ದರೂ ಅವನ ಬೆರಳು ಜೇಬಿನಲ್ಲೇ ಇತ್ತು. ಅವತ್ತು ರವಿಕೆ ಕೇಳಿದವಳಿಗೆ ಪರದೆಯಷ್ಟು ಬಟ್ಟೆ ಹೋಯಿತು. ಅವಳು ತಿರುಗಿ ನೋಡದೆ ಮನೆ ಸೇರಿದಳು. ವ್ಯಾಪಾರಿಗೆ ಕೋಪ ಬಂತು. ಜೇಬಿನಿಂದ ನಟ್ಟನ್ನು ತೆಗೆದು ಚರಂಡಿಗೆ ಎಸೆದ.

ಮರುದಿನ ಬೆಳಿಗ್ಗೆ ಅವನು ಕೋಲು ಹಿಡಿದು ಚರಂಡಿ ಕೆದಕುತ್ತಿದ್ದ. ನೆರೆಮನೆಯವನು ಹಲ್ಲುಜ್ಜುತ್ತಾ ಬಂದು ನಿಂತ.

“ಏನು ಕಳಕೊಂಡ್ರಿ ಸಾಹುಕಾರ್ರೇ? ಉಂಗುರವೇ?”

“ಉಂಗುರವಾಗಿದ್ದರೆ ಇನ್ನೊಂದು ಮಾಡಿಸಿಕೊಳ್ಳುತ್ತಿದ್ದೆ.”

“ಮತ್ತೇನು?”

“ನಟ್ಟು.”

ನೆರೆಯವನು ಬಾಯಲ್ಲಿದ್ದ ನೊರೆಯನ್ನೆಲ್ಲ ಉಗುಳಿ ಮನೆಯವರನ್ನು ಕೂಗಿದ. ಬೀದಿಯವರೂ ಬಂದು ನೋಡಿದರು. ವ್ಯಾಪಾರಿ ನಾಚಲಿಲ್ಲ. ನಟ್ಟು ಸಿಕ್ಕಿತು. ಅದನ್ನು ತೊಳೆದು ತಂದು ತಾಯಿಯ ಎದುರು ಹಿಡಿದ. “ಅಮ್ಮ, ಇದರ ಜಾಗ ನನಗೆ ಗೊತ್ತಿಲ್ಲ. ಗೊತ್ತಾಗುವವರೆಗೆ ಗುಡ್ಡ ಹತ್ತಿಸಲಾರೆ.”

ತಾಯಿ ಹೇಳಿದಳು: “ದೇವರು ಅಲ್ಲೇ ಇರ್ತಾನೆ, ಎಲ್ಲಿಗೆ ಹೋಗ್ತಾನೆ? ನೀನು ನಿಧಾನಕ್ಕೆ ನೋಡು.”

ವ್ಯಾಪಾರಿ ಕಾರನ್ನು ಮತ್ತೆ ಬಿಚ್ಚಿದ. ಈ ಸಲ ಬಿಚ್ಚಿದ ಕಡೆ ಮಾತ್ರ ನೋಡಲಿಲ್ಲ. ನಟ್ಟಿನ ಜಾಗ ಎಲ್ಲಿದೆಯೋ ತಿಳಿಯದವನು ಎಲ್ಲ ಕಡೆ ನೋಡಲೇಬೇಕಾಯಿತು. ಪೆಟ್ರೋಲ್ ಪೈಪು ಒಣಗಿ ಬಿರುಕು ಬಿಟ್ಟಿತ್ತು, ಬದಲಿಸಿದ. ಫ್ಯಾನ್ ಬೆಲ್ಟು ಸಡಿಲವಿತ್ತು, ಬಿಗಿದ. ಒಂದು ತಂತಿಯನ್ನು ಇಲಿ ಕಡಿದಿತ್ತು, ಸುತ್ತಿದ. ಪ್ರತಿ ಜಾಗದಲ್ಲೂ ಆ ನಟ್ಟನ್ನು ಹಿಡಿದು ನೋಡಿದ. ಎಲ್ಲೂ ಕೂರಲಿಲ್ಲ. ಅವನಿಗೆ ಬೇಸರವೂ ಆಗಲಿಲ್ಲ. ಇಷ್ಟು ದಿನ ಕಾರನ್ನು ಒರೆಸಿದ್ದೆ, ಈಗ ಮಾತಾಡಿಸುತ್ತಿದ್ದೇನೆ ಅನ್ನಿಸಿತು.

ಕೊನೆಗೆ ಮುಂದಿನ ಚಕ್ರದ ಹತ್ತಿರ ಬಂದ. ಸ್ಟೀರಿಂಗಿನಿಂದ ಬಂದ ಸರಳು ಚಕ್ರಕ್ಕೆ ಸೇರುವ ಕೀಲು ಅಲ್ಲಿದೆ. ಆ ಕೀಲಿನ ನಟ್ಟಿಗೆ ಅಡ್ಡಲಾಗಿ ಒಂದು ಸಣ್ಣ ಪಿನ್ನು ಇರಬೇಕು, ನಟ್ಟು ತಾನಾಗಿ ಬಿಚ್ಚಿಕೊಳ್ಳದ ಹಾಗೆ. ಪಿನ್ನು ಇರಲಿಲ್ಲ. ಹಿಂದೆ ಯಾರೋ ಬಿಚ್ಚಿದವರು ಹಾಕುವುದನ್ನು ಮರೆತಿದ್ದರು. ನಟ್ಟು ಬೋಲ್ಟಿನ ತುದಿಗೆ ಬಂದು ನಿಂತಿತ್ತು. ವ್ಯಾಪಾರಿ ಒಂದು ಬೆರಳಿನಿಂದ ಮುಟ್ಟಿದ. ಅದು ಕಳಚಿ ಅಂಗೈಗೆ ಬಿತ್ತು.

ಹಾಲೇಶನ ಕೈ ಮಿರ್ಚಿಯ ಮೇಲೆ ನಿಂತುಹೋಯಿತು. ತನ್ನ ಕಾರಿನ ಆ ಕೀಲನ್ನು ಅವನು ಒಮ್ಮೆಯೂ ನೋಡಿರಲಿಲ್ಲ. ಅದರ ಮೇಲಿನ ಮಡ್‌ಗಾರ್ಡಿಗೆ ಮಾತ್ರ ದಿನಾ ಪಾಲಿಶ್ ಹಚ್ಚಿದ್ದ.

ವ್ಯಾಪಾರಿ ಅಂಗಳದಲ್ಲಿ ಸುಮ್ಮನೆ ಕೂತ. ಗುಡ್ಡದ ತಿರುವುಗಳನ್ನು ನೆನೆದ. ಆಮೇಲೆ ಎದ್ದು ನಟ್ಟನ್ನು ಬಿಗಿದ, ಹೊಸ ಪಿನ್ನು ಹಾಕಿದ, ಇನ್ನೊಂದು ಚಕ್ರದ ಕೀಲನ್ನೂ ನೋಡಿದ. ಬಟ್ಟಲಿನ ನಟ್ಟನ್ನು ಅಲ್ಲಿಗೂ ಹಿಡಿದು ನೋಡಿದ. ಅದು ಬಹಳ ಸಣ್ಣದು, ಕೂರಲಿಲ್ಲ. ಅವನು ನಕ್ಕ. ನಟ್ಟನ್ನು ಬಟ್ಟಲಿಗೆ ಹಾಕಿ ತಾಯಿಯನ್ನು ಕರೆದ.

ತಾಯಿ ಬಟ್ಟಲು ನೋಡಿದಳು. “ಅದು ಇನ್ನೂ ಇಲ್ಲೇ ಇದೆಯಲ್ಲೋ.”

“ಇರಲಿ ಅಮ್ಮ, ಹತ್ತು. ಇದು ನಮ್ಮ ಕಾರಿನದಲ್ಲ.”

“ನಿನಗೆ ಹೇಗೆ ಗೊತ್ತು?”

“ನಮ್ಮದು ಏನೇನಿದೆ ಅಂತ ಈಗ ಗೊತ್ತಾಗಿದೆ.”

ತಾಯಿ ಹತ್ತಿ ಕೂತಳು. ಕಾರು ಗುಡ್ಡ ಹತ್ತಿತು. ದೇವರು ಅಲ್ಲೇ ಇದ್ದ.

ಮೇಷ್ಟ್ರು ಕತೆ ನಿಲ್ಲಿಸಿ ಕೊನೆಯ ಮಿರ್ಚಿಯನ್ನು ತೆಗೆದುಕೊಂಡರು. ಅದು ಹಾಲೇಶನ ಪಾಲಿನದು. ಹಾಲೇಶ ಅದನ್ನು ಗಮನಿಸಲಿಲ್ಲ. ಅವನು ಫೋನ್ ತೆಗೆದು ಹೆಂಡತಿಗೆ ಮಾಡಿದ.

“ವಿಶಾಲಾ, ನಾಳೆ ಕೆರೆಗೆ ಹೋಗೋದು ಬೇಡ. ಬಟ್ಟಲಲ್ಲಿ ಒಂದು ನಟ್ಟು ಉಳಿದಿದೆ. ಗುರುವಾರದಿಂದ ಜೇಬಲ್ಲಿಟ್ಟುಕೊಂಡು ಓಡಾಡ್ತಿದ್ದೀನಿ.”

ಹಾಲೇಶ ಮಿಕ್ಸಿಯ ವಿಷಯ ಬರುತ್ತದೆ ಎಂದು ಕಣ್ಣು ಮುಚ್ಚಿದ.

“ಪರವಾಗಿಲ್ಲ, ಈ ಸಲ ಹೆಚ್ಚಿಗೆ ಕೊಟ್ಟಿದ್ದು ಅನ್ನದೆ ಬಾಯಿಬಿಟ್ಟು ಹೇಳಿದ್ರಲ್ಲ,” ಎಂದಳು ವಿಶಾಲಾ. “ಚಪಾತಿ ಶೆಡ್ಡಿನಲ್ಲೇ ತಿನ್ನೋಣ ಬಿಡಿ. ನಾನು ಟಾರ್ಚ್ ಹಿಡ್ಕೊಂಡು ಒಳಗೇ ಕೂರ್ತೀನಿ, ನೀವು ಹುಡುಕಿ.”

“ಒಳಗೆ ಅಂದ್ರೆ? ಕಾರಿನೊಳಗೆ?”

“ನಿಂತಿರೋ ಕಾರಿಗೇನು ಭಯ? ಬರ್ತಾ ಕೊತ್ತಂಬರಿ ತನ್ನಿ.”

ಹಾಲೇಶ ಫೋನ್ ಇಟ್ಟ. ಅವನ ಮುಖ ತಿಳಿಯಾಗಿತ್ತು. ನಟ್ಟನ್ನು ಚೀಟಿಯಲ್ಲಿ ಮತ್ತೆ ಸುತ್ತಿದ. ಮೊದಲು ಆ ಕೀಲು, ಆಮೇಲೆ ಪೈಪು, ಆಮೇಲೆ ಬೆಲ್ಟು ಎಂದು ಮನಸ್ಸಿನಲ್ಲೇ ಬಾನೆಟ್ ಎತ್ತುತ್ತಿದ್ದ. ಅಷ್ಟರಲ್ಲಿ ಒಂದು ಸಂಶಯ ಬಂತು.

“ಅಲ್ಲ ಮೇಷ್ಟ್ರೇ, ಕಾರಿನದಲ್ಲ ಅಂದಮೇಲೆ ಆ ವ್ಯಾಪಾರಿಯ ಬಟ್ಟಲಿಗೆ ಆ ನಟ್ಟು ಬಂದದ್ದಾದರೂ ಎಲ್ಲಿಂದ?”

ಮೇಷ್ಟ್ರು ಕೈ ಒರೆಸಿಕೊಂಡು ಎದ್ದರು. ಹೊರಗೆ ಹೋಗಿ ಸ್ಕೂಟರಿನ ಹಿಂದೆ ಬಗ್ಗಿ, ನಂಬರ್ ಪ್ಲೇಟಿನ ದಾರವನ್ನು ಇನ್ನೊಂದು ಸುತ್ತು ಬಿಗಿದು ಕಟ್ಟಿದರು. ಅಲ್ಲಿಂದಲೇ ಹೇಳಿದರು:

“ಅವನದು ನನಗೇನು ಗೊತ್ತು ಮಾರಾಯ, ನಿನ್ನ ನಟ್ಟನ್ನು ಮಾತ್ರ ನಾಳೆ ಕಾರೆಲ್ಲ ನೋಡಿಯಾದ ಮೇಲೆ ತಂದು ಈ ಪ್ಲೇಟಿಗೆ ವಾಪಸ್ ಹಾಕಿಕೊಡು, ಈಗ ನನ್ನ ಟೀ ದುಡ್ಡು ಕೊಟ್ಟು ಬಾ.”