ಗೊರವನ ಬಾಲ ತೂಗಿದ್ದು

ಲೋಕ ಇನ್ನೂ ಹೊಸದಾಗಿತ್ತು. ಹೊಳೆಗಳಿಗೆ ಕಡಲಿನ ದಾರಿ ಆಗಷ್ಟೇ ರೂಢಿಯಾಗಿತ್ತು.

ಆಗ ಗೊರವನೆಂಬ ಪುಟ್ಟ ಹಕ್ಕಿ ಮೊದಲ ಸಲ ಬಡಗಣ ಹಿಮದ ನಾಡಿನಿಂದ ಅಘನಾಶಿನಿ ಹೊಳೆಯ ದಡಕ್ಕೆ ಬಂದ. ಬೆನ್ನು ಕೆಸರಿನ ಬಣ್ಣ, ಹೊಟ್ಟೆ ಬಿಳಿ. ಗಾಳಿಯ ಮೇಲೆ ಏರಿ ಇಳಿದು, ಏರಿ ಇಳಿದು ಅವನ ರೆಕ್ಕೆ ಸೋತಿತ್ತು. ಅವನ ನಾಡಿನಲ್ಲಿ ಹುಳುಹುಪ್ಪಟೆಯೆಲ್ಲ ಹಿಮದಡಿ ಸೇರಿದ್ದವು. ಇಲ್ಲಿ ಜಾಗ ಸಿಗದಿದ್ದರೆ ಉಪವಾಸವೇ ಗತಿ.

ಅಘನಾಶಿನಿ ಒಳ್ಳೆಯವಳು, ಆದರೆ ಬಲು ಕಟ್ಟುನಿಟ್ಟು. ದಡದವರು ಯಾರಾದರೂ ‘ಇವನನ್ನು ನಾನು ಬಲ್ಲೆ’ ಅಂದರೆ ಮಾತ್ರ ಹೊಸಬರಿಗೆ ಜಾಗ.

ಗೊರವ ಬೆಳ್ಳಕ್ಕಿಯನ್ನು ಕೇಳಿದ. ಗೊತ್ತಿಲ್ಲ ಅಂದಿತು. ಮಿಂಚುಳ್ಳಿಯನ್ನು ಕೇಳಿದ. ಅದೂ ಗೊತ್ತಿಲ್ಲ ಅಂದಿತು. ಏಡಿಯನ್ನು ಕೇಳಿದ. ಅದು ಅವನ ಕೊಕ್ಕು ನೋಡಿದ್ದೇ ತಡ, ಬಿಲದೊಳಗೆ ಮಾಯ.

ಗೊರವನಿಗೆ ಅಳು ಬಂತು. ಒಂದು ಕಲ್ಲಿನ ಮೇಲೆ ನಿಂತ. ಅವನು ನಿಂತರೂ ಮೈ ನಿಲ್ಲಲೊಲ್ಲದು. ಬಾಲ ಮೇಲೆ ಕೆಳಗೆ, ಮೇಲೆ ಕೆಳಗೆ ತೂಗುತ್ತಲೇ ಇತ್ತು. ಹಕ್ಕಿಗಳು ಬಿದ್ದು ಬಿದ್ದು ನಕ್ಕವು.

ಅಲ್ಲೇ ಮೊಣಕಾಲುದ್ದ ನೀರಿನಲ್ಲಿ ದೋಣಿಯವನ ಹೆಂಡತಿ ಬೊಮ್ಮಿ ಕೆಸರನ್ನು ಕಾಲ್ಬೆರಳಿನಿಂದ ತಡಕುತ್ತ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದಳು. ಅವಳು ಸೊಂಟ ನೆಟ್ಟಗೆ ಮಾಡಿ ನೋಡಿದಳು.

“ನಗಾಡಬೇಡಿ,” ಅಂದಳು. “ನಮ್ಮನೆಯವ್ರೂ ಕಡಲಿಂದ ಬಂದ ದಿನ ಹೀಗೇ ತೂಗ್ತಾರೆ. ದೋಣಿ ಇಳಿದ್ರೂ ತೆರೆ ಮೈಯಿಂದ ಇಳಿಯೂದಿಲ್ಲ. ಹೊಳೆಯಮ್ಮಾ, ಇಂವ ದೂರದಿಂದ ಬಂದಂವ. ಇಂವನ್ನ ನಾ ಬಲ್ಲೆ.”

ಹೊಳೆ ಒಪ್ಪಿತು. ಆ ಕಲ್ಲು ಗೊರವನದಾಯಿತು.

ಅವನು ಹುಳ ಹೆಕ್ಕಿ ತಿಂದ, ಮೈ ತುಂಬಿಕೊಂಡ. ದಣಿವು ಹೋಯಿತು, ತೂಗಾಟವೂ ನಿಂತಿತು. ಒಂದು ಬೆಳಿಗ್ಗೆ ಹೊಳೆ, ಕಲ್ಲಿನ ಮೇಲಿರುವವನು ಯಾರೆಂದು ಬೊಮ್ಮಿಯನ್ನು ಕೇಳಿತು. ಕೆಸರು ಬಣ್ಣದ ಹಕ್ಕಿ, ಕೆಸರು ಬಣ್ಣದ ಕಲ್ಲು. ಬೊಮ್ಮಿಗೆ ಗುರುತೇ ಸಿಗಲಿಲ್ಲ. ಗೊತ್ತಿಲ್ಲ ಅಂದುಬಿಟ್ಟಳು.

ಜಾಗ ಹೋದೀತೆಂದು ಗೊರವ ಹೆದರಿದ. ತಟ್ಟನೆ ಬಾಲ ತೂಗಿದ.

ಬೊಮ್ಮಿ ನಕ್ಕಳು. “ಓ, ನೀನಾ. ನಿಲ್ಲಿಸಬೇಡ ಮಾರಾಯಾ. ಅದು ನಿಂತ್ರೆ ನಿನ್ನ ನಾ ಹ್ಯಾಂಗೆ ಗುರ್ತು ಹಿಡೀಲಿ?”

ಅಂದಿನಿಂದ ಗೊರವ ನಿಲ್ಲಿಸಲಿಲ್ಲ. ಬೇಸಿಗೆಗೆ ತನ್ನ ನಾಡಿಗೆ ಮರಳಿದಾಗ, ಮೊಟ್ಟೆಯೊಡೆದು ಬಂದ ಮರಿಗಳಿಗೂ ಮೊದಲು ಕಲಿಸಿದ್ದು ಅದನ್ನೇ.

ಮಳೆ ಹಿಂದೆಗೆದ ಮೇಲೆ ಹೊಳೆದಂಡೆಗೆ ಹೋಗು ಮಗು. ಕಲ್ಲಿನ ಮೇಲೆ ಒಂಟಿಯಾಗಿ ನಿಂತು ಬಾಲ ತೂಗುವ ಪುಟ್ಟ ಹಕ್ಕಿ ಇಂದಿಗೂ ಸಿಗುತ್ತದೆ. ನಿನ್ನನ್ನು ನಾನು ಬಲ್ಲೆ ಅನ್ನು, ಅಷ್ಟು ದೂರದಿಂದ ಬಂದವನಿಗೆ ಅಷ್ಟೇ ಬೇಕಾಗಿರುವುದು.